ಓವಿಪಾಸಿಟರ್ ಎಂಬ ಪದವನ್ನು ಬಿಡಿಸಿ ಓದುವುದು

ಕಾಫಿ, ಸೀಬೆ, ಆಲೂಗಡ್ಡೆ ಯಾವ ಬೆಳೆಯ ಕೀಟದ ಬಗ್ಗೆ ಇಂಗ್ಲಿಷಿನಲ್ಲಿ ಓದಲು ಕೂತರೂ ಬೇಗನೆ ಎದುರಾಗುವ ಪದ ಓವಿಪಾಸಿಟರ್. ಹೆಣ್ಣು ಕೀಟದ ಹೊಟ್ಟೆಯ ತುದಿಯಲ್ಲಿರುವ, ಮೊಟ್ಟೆಯನ್ನು ಬೇಕಾದ ಜಾಗದಲ್ಲಿ ಇಡುವ ಅಂಗಕ್ಕೆ ಈ ಹೆಸರು. ಮೂಡಿಗೆರೆ, ಸಕಲೇಶಪುರ, ಬಾಳೆಹೊನ್ನೂರಿನ ಸುತ್ತ ತೋಟ ಮಾಡುವವರಿಗೂ ಕೃಷಿ ಓದುವ ಮಕ್ಕಳಿಗೂ ಇದು ಒಮ್ಮೆಯಲ್ಲ ಒಮ್ಮೆ ನಾಲಿಗೆಗೆ ಬರಲೇಬೇಕಾದ ಪದ. ಬಂದಾಗ ತಡವರಿಸದೆ ಹೇಳುವುದಕ್ಕೂ, ಹೇಳಿದ್ದರ ಅರ್ಥ ಗಟ್ಟಿಯಾಗಿ ಹಿಡಿಯುವುದಕ್ಕೂ ಪದವನ್ನು ಬಿಡಿಸಿ ನೋಡಬೇಕು.

ಮೊದಲು ಉಚ್ಚಾರ. ಪದದಲ್ಲಿ ಐದು ಉಚ್ಚಾರಾಂಶಗಳಿವೆ: ಓ-ವಿ-ಪಾ-ಸಿ-ಟರ್. ಹೈಸ್ಕೂಲಿನ ಛಂದಸ್ಸು ನೆನಪಿದ್ದವರು ಗುರು ಲಘು ಹಾಕಿ ನೋಡಿ. ಓ ದೀರ್ಘ, ಗುರು. ವಿ ಲಘು. ಪಾ ಗುರು. ಸಿ ಲಘು. ಟರ್‌ನಲ್ಲಿ ಟಕಾರದ ಬೆನ್ನಿಗೇ ರ್ ಎಂಬ ವ್ಯಂಜನ ನಿಲ್ಲುವುದರಿಂದ ಅದೂ ಗುರು. ಒಟ್ಟು – ∪ – ∪ –. ಮೊದಲ ಮೂರು ಸೇರಿ ಒಂದು ರಗಣ, ಆಮೇಲೆ ಲಘು-ಗುರು. ಒಂದು ಭಾರ, ಒಂದು ಹಗುರ ಎಂದು ತೂಗಿಕೊಂಡು ಹೋಗುವ ಈ ನಡಿಗೆ ಹಿಡಿದರೆ ಪದ ಮುಗ್ಗರಿಸುವುದಿಲ್ಲ.

ಇಂಗ್ಲಿಷಿನಲ್ಲಿ ಇದರ ಜೊತೆಗೆ ಒತ್ತು ಇದೆ, ಅಂದರೆ ಒಂದು ಉಚ್ಚಾರಾಂಶವನ್ನು ಉಳಿದವಕ್ಕಿಂತ ಬಲವಾಗಿ ಹೇಳುವುದು. ಬ್ರಿಟಿಷ್ ಉಚ್ಚಾರದಲ್ಲಿ ಮುಖ್ಯ ಒತ್ತು ಮೂರನೆಯ ಭಾಗದ ಮೇಲೆ, ಅಂದರೆ ಪಾ ಮೇಲೆ ಬೀಳುತ್ತದೆ. ಓ ಮೇಲೆ ಸಣ್ಣ ಒತ್ತು. ಅಮೆರಿಕದವರು ಸಾಮಾನ್ಯವಾಗಿ ಇದನ್ನು ಅದಲುಬದಲು ಮಾಡಿ ಓ ಮೇಲೆ ದೊಡ್ಡ ಒತ್ತು, ಪಾ ಮೇಲೆ ಸಣ್ಣದು ಕೊಡುತ್ತಾರೆ. ಎರಡೂ ಸರಿ. ಕನ್ನಡದಲ್ಲಿ ಅರ್ಥ ಬದಲಿಸುವ ಒತ್ತು ಇಲ್ಲ, ಇರುವುದು ಹ್ರಸ್ವ-ದೀರ್ಘ. ಅದಕ್ಕೇ ಇಂಗ್ಲಿಷಿನ ಒತ್ತನ್ನು ನಮ್ಮ ಕಿವಿ ದೀರ್ಘವೆಂದು ಕೇಳಿಸಿಕೊಂಡು ಪಾ ಎಂದು ಬರೆಸುತ್ತದೆ. ಬ್ರಿಟಿಷರ ಬಾಯಲ್ಲಿ ಆ ಸ್ವರ ಹ್ರಸ್ವವೇ. ಡಾಟ್, ಪಾಟ್ ಎಂದು ನಾವು ಬರೆಯುವ ಪದಗಳಲ್ಲೂ ನಡೆದಿರುವುದು ಇದೇ. ಇದನ್ನು ತಪ್ಪೆಂದು ತಿದ್ದುವ ಅಗತ್ಯ ನನಗಂತೂ ಕಾಣುವುದಿಲ್ಲ.

ತಿದ್ದಬೇಕಾದ ಜಾಗಗಳು ಬೇರೆ ಇವೆ. ಒ, ಓ ಇಂದ ಶುರುವಾಗುವ ಪದಕ್ಕೆ ಮಾತಿನಲ್ಲಿ ಮುಂದೊಂದು ವಕಾರ ಹತ್ತಿಕೊಳ್ಳುವುದು ನಮ್ಮ ಕಡೆಯ ರೂಢಿ: ಒಂದು ವೊಂದಾಗುತ್ತದೆ, ಓದು ವೋದಾಗುತ್ತದೆ. ಹಾಗೆಯೇ ವೋವಿಪಾಸಿಟರ್. ಎರಡನೆಯದು, ನಡುವಿನ ಹ್ರಸ್ವ ಸ್ವರ ನುಂಗಿಹೋಗುವುದು. ಕುದುರೆ ಕುದ್ರೆಯಾದಂತೆ, ಹುಡುಗಿ ಹುಡ್ಗಿಯಾದಂತೆ ಇದು ಓವ್‌ಪಾಸಿಟರ್ ಆಗುತ್ತದೆ. ಮೂರನೆಯದು ಕೊನೆಯದು: ಡಾಕ್ಟರ್ ಡಾಕ್ಟ್ರು ಆದ ಹಾದಿಯಲ್ಲೇ ಓವಿಪಾಸಿಟ್ರು. ಮೂರರಲ್ಲಿ ನಿಜವಾಗಿ ಕೆಡುಕು ಮಾಡುವುದು ಎರಡನೆಯದು. ವಿ ಹಾರಿಹೋದರೆ ಕೇಳುವವರ ಕಿವಿಗೆ ಅದು ಓವರ್ ಎಂದು ಬೀಳುತ್ತದೆ, ಮುಂದೆ ಯಾರೋ ಟಿಪ್ಪಣಿಯಲ್ಲಿ ಓವರ್‌ಪಾಸಿಟರ್ ಎಂದು ಬರೆದುಕೊಳ್ಳುತ್ತಾರೆ, ಅಲ್ಲಿಗೆ ಪದದ ಬೇರೇ ಕಡಿದುಹೋಯಿತು. ವಿ ಎಷ್ಟು ಹಗುರವಾದರೂ ಇರಲೇಬೇಕು. ಮೊಟ್ಟೆ ಇರುವುದು ಆ ಓವಿಯಲ್ಲೇ.

ಸಿ ವಿಷಯ. ಇಂಗ್ಲಿಷಿನಲ್ಲಿ ಅಲ್ಲಿ ಬರೆಯುವ ಅಕ್ಷರ ಸಕಾರದ್ದಾದರೂ ದನಿ ಸ ಅಲ್ಲ, ನುಕ್ತ, ಅಂದರೆ ಅಡಿಚುಕ್ಕೆ, ಹಾಕಿ ಬರೆಯುವ ಜ಼. ಓವಿಪಾಜ಼ಿಟರ್. ಎರಡು ಸ್ವರಗಳ ನಡುವೆ ಸಿಕ್ಕಿಕೊಂಡ ಸ ಇಂಗ್ಲಿಷಿನ ಎಷ್ಟೋ ಪದಗಳಲ್ಲಿ ಹೀಗೆ ಘೋಷವಾಗುತ್ತದೆ. ವಿಜಿಟ್, ಪೊಜಿಷನ್ ನೋಡಿ. ಕನ್ನಡಕ್ಕೆ ಈ ದನಿ ಸ್ವಂತದ್ದಲ್ಲ. ಬ್ಯಾಂಕಿನ ಡೆಪಾಸಿಟ್‌ನಲ್ಲೂ ಮೂಲದಲ್ಲಿ ಇರುವುದು ಇದೇ ಜ಼, ನಾವೆಲ್ಲ ಸ ಎನ್ನುತ್ತೇವೆ, ಹಾಗೆ ಬರೆಯುತ್ತೇವೆ. ಆದ್ದರಿಂದ ಕನ್ನಡ ಬರಹದಲ್ಲಿ ಓವಿಪಾಸಿಟರ್ ಎಂದೇ ಇರಲಿ. ಇಂಗ್ಲಿಷಿನಲ್ಲಿ ಮಾತಾಡುವಾಗ, ಮೌಖಿಕ ಪರೀಕ್ಷೆಯಲ್ಲಿ, ಜ಼ ಹೇಳಿ.

ಇದೇ ಬೇರಿನ ಇನ್ನೆರಡು ಪದಗಳಲ್ಲಿ ಎಡವುವವರು ಹೆಚ್ಚು. ಮೊಟ್ಟೆ ಇಡುವ ಕ್ರಿಯೆಗೆ ಓವಿಪೊಜಿಷನ್ ಎನ್ನುತ್ತಾರೆ. ಇಲ್ಲಿ ಒತ್ತು ಒಂದು ಹೆಜ್ಜೆ ಮುಂದಕ್ಕೆ, ಜಿ ಮೇಲೆ ಸರಿಯುತ್ತದೆ; ಒತ್ತು ಕಳೆದುಕೊಂಡ ಪಾ ಸೊರಗಿ ಪೊ ಅಥವಾ ಬರೀ ಪ ಆಗುತ್ತದೆ. ಓವಿಪಾಸಿಷನ್ ಎಂದರೆ ಅದಕ್ಕೇ ಕಿವಿಗೆ ಚುಚ್ಚುತ್ತದೆ. ಇನ್ನೊಂದು, ಮೊಟ್ಟೆ ಇಟ್ಟು ಸಂತಾನ ಬೆಳೆಸುವ ಪ್ರಾಣಿಗಳಿಗೆ ಹೇಳುವ ಓವಿಪರಸ್. ಇದರಲ್ಲಿ ಒತ್ತು ಹಿಂದಕ್ಕೆ ಹೋಗಿ ವಿ ಮೇಲೆ ಕೂರುತ್ತದೆ: ಓ-ವಿ-ಪ-ರಸ್, ಪ ಹ್ರಸ್ವ. ಓವಿಪಾರಸ್ ಎಂದು ದೀರ್ಘ ಮಾಡಬಾರದು.

ಒತ್ತು ಹೀಗೆ ಓಡಾಡುವುದಕ್ಕೆ ಲ್ಯಾಟಿನ್ ಭಾಷೆಯ ಒಂದು ನಿಯಮ ಕಾರಣ, ಅದನ್ನು ಅರಿಯಲು ಕನ್ನಡಿಗರಿಗೆ ಯಾವ ಹೊಸ ಪಾಠವೂ ಬೇಡ. ಮೂರು ಅಥವಾ ಹೆಚ್ಚು ಉಚ್ಚಾರಾಂಶಗಳಿರುವ ಲ್ಯಾಟಿನ್ ಪದದಲ್ಲಿ ಕೊನೆಯಿಂದ ಎರಡನೆಯದನ್ನು ನೋಡಬೇಕು. ಅದು ಗುರುವಾದರೆ ಒತ್ತು ಅಲ್ಲೇ. ಲಘುವಾದರೆ ಒತ್ತು ಅದರ ಹಿಂದಿನದಕ್ಕೆ. ಲ್ಯಾಟಿನ್ ಅಳತೆಯಲ್ಲಿ ನಮ್ಮ ಪದ ಓ-ವಿ-ಪೊ-ಸಿ-ತೊರ್. ಕೊನೆಯಿಂದ ಎರಡನೆಯ ಸಿ ಲಘು, ಹಾಗಾಗಿ ಒತ್ತು ಪೊ ಮೇಲೆ. ಓ-ವಿ-ಪ-ರುಸ್‌ನಲ್ಲಿ ಪ ಲಘು, ಒತ್ತು ವಿ ಮೇಲೆ. ಬ್ರಿಟಿಷ್ ಉಚ್ಚಾರ ಉಳಿಸಿಕೊಂಡಿರುವುದು ಇದನ್ನೇ. ಎರಡು ಸಾವಿರ ವರ್ಷ ಹಿಂದಿನ ರೋಮಿನ ನಾಲಿಗೆಯ ಕಟ್ಟಳೆಯನ್ನು ನಮ್ಮ ಗುರು-ಲಘುವಿನಿಂದ ಓದಬಹುದು ಎಂಬುದು ನನಗೆ ಈ ಪದ ಕೊಟ್ಟ ದೊಡ್ಡ ಖುಷಿ.

ಈಗ ಬೇರು. ಪದ ಪ್ರಾಚೀನ ರೋಮಿನವರದಲ್ಲ. 19ನೇ ಶತಮಾನದ ಆರಂಭದಲ್ಲಿ ಕೀಟ ಬಲ್ಲವರು ಎರಡು ಲ್ಯಾಟಿನ್ ಪದ ಜೋಡಿಸಿ ಕಟ್ಟಿಕೊಂಡದ್ದು. ಮೊದಲನೆಯದು ಓವುಮ್, ಮೊಟ್ಟೆ. ಎರಡನೆಯದು ಪೊಸಿತೊರ್, ಇಡುವವನು. ನಡುವಿನ ಇ ಬರೀ ಬೆಸುಗೆ, ಲ್ಯಾಟಿನ್ ಸಮಾಸಗಳಲ್ಲಿ ಎರಡು ಪದ ಕೂಡಿಸುವ ಸ್ವರ.

ಓವಿ ಎಂಬ ರೂಪದಲ್ಲಿ ಒಂದು ಬಲೆಯಿದೆ. ಕುರಿಗೆ ಲ್ಯಾಟಿನ್‌ನಲ್ಲಿ ಒವಿಸ್. ಪಶುವೈದ್ಯದ ಪುಸ್ತಕದಲ್ಲಿ ಓವೈನ್ ಎಂದು ಕಂಡರೆ ಅದು ಕುರಿಗೆ ಸಂಬಂಧಪಟ್ಟದ್ದು, ಮೊಟ್ಟೆಗಲ್ಲ. ಇಂಗ್ಲಿಷ್ ಬರಹದಲ್ಲಿ ಎರಡಕ್ಕೂ ಒಂದೇ ಮುಖ. ಲ್ಯಾಟಿನ್‌ನಲ್ಲಿ ಬೇರೆ: ಕುರಿಯ ಒ ಹ್ರಸ್ವ, ಮೊಟ್ಟೆಯ ಓ ದೀರ್ಘ. ಕುರಿಯ ಪದಕ್ಕೆ ಸಂಸ್ಕೃತದಲ್ಲಿ ಒಡಹುಟ್ಟೂ ಇದೆ, ಅವಿ ಎಂದರೆ ಕುರಿಯೇ. ಮೊಟ್ಟೆಯ ಓವುಮ್‌ಗೂ ಸಂಸ್ಕೃತದ ಅಂಡಕ್ಕೂ ಮಾತ್ರ ನಂಟಿಲ್ಲ. ನಮ್ಮ ಮೊಟ್ಟೆಯ ನೆಂಟರು ದ್ರಾವಿಡದವರು, ತಮಿಳಿನ ಮುಟ್ಟೈ, ಮಲೆಯಾಳದ ಮುಟ್ಟ. ಕನ್ನಡದ ತತ್ತಿಗೆ ಘಟ್ಟದ ಕೆಳಗೆ ತುಳುವಿನ ತೆತ್ತಿ ಜೊತೆ.

ಓವುಮ್‌ಗೆ ಗ್ರೀಕಿನಲ್ಲಿ ಸೋದರ ಪದ ಓಓನ್. ಜಿರಳೆ ಬಾಲಕ್ಕೆ ಅಂಟಿಸಿಕೊಂಡು ತಿರುಗುವ ಕಂದು ಬಣ್ಣದ ಮೊಟ್ಟೆಯ ಚೀಲಕ್ಕೆ ಇಡುವ ಓಅಥೀಕ ಎಂಬ ಹೆಸರು ಇದರಿಂದಲೇ ಬಂದದ್ದು: ಓಓ, ಮೊಟ್ಟೆ, ಥೀಕೆ, ಪೆಟ್ಟಿಗೆ. ಇಂಗ್ಲಿಷ್ ಬರಹದಲ್ಲಿ ಎರಡು ಓ ಅಕ್ಷರ ಅಕ್ಕಪಕ್ಕ ಕಂಡದ್ದೇ ಊಥೀಕಾ ಎಂದು ಓದಿಬಿಡುತ್ತೇವೆ. ಅವು ಎರಡು ಬೇರೆ ಉಚ್ಚಾರಾಂಶಗಳು. ಓ-ಅ-ಥೀ-ಕ ಎಂದು ನಾಲ್ಕಾಗಿ ಬಿಡಿಸಿ ಹೇಳಬೇಕು, ಒತ್ತು ಥೀ ಮೇಲೆ.

ಪೊಸಿತೊರ್‌ನ ಮೂಲ ಪೊನೆರೆ ಎಂಬ ಧಾತು. ಅರ್ಥ: ಇಡು, ಇರಿಸು. ಇದರ ಸಂತಾನ ನಮ್ಮ ಮನೆ-ತೋಟದಲ್ಲಿ ತುಂಬಿಕೊಂಡಿದೆ. ಡೆಪಾಸಿಟ್, ಕೆಳಗೆ ಇಟ್ಟದ್ದು. ಪೊಸಿಷನ್, ಇಟ್ಟ ನೆಲೆ. ಪೋಸ್ಟ್ ಆಫೀಸಿನ ಪೋಸ್ಟ್ ಕೂಡ ಇದೇ; ಸುದ್ದಿ ಸಾಗಿಸಲು ದಾರಿಯುದ್ದಕ್ಕೂ ಅಲ್ಲಲ್ಲಿ ಇರಿಸಿದ ಜನ-ಕುದುರೆಗಳ ಠಾಣೆಯಿಂದ ಆ ಹೆಸರು. ತೋಟದವರಿಗೆ ಎಲ್ಲಕ್ಕಿಂತ ಹತ್ತಿರದ್ದು ಕಾಂಪೋಸ್ಟ್: ಕಾಂ ಎಂದರೆ ಒಟ್ಟಿಗೆ, ಪೋಸ್ಟ್ ಎಂದರೆ ಇಟ್ಟದ್ದು. ಸಗಣಿ, ಕಾಫಿ ಸಿಪ್ಪೆ, ಸೊಪ್ಪು ಪದರ ಪದರವಾಗಿ ಒಟ್ಟಿಗೆ ಇಟ್ಟರೆ ಕಾಂಪೋಸ್ಟ್. ಮೊಟ್ಟೆ ಇಡುವುದಾದರೆ ಓವಿಪಾಸಿಟರ್. ಫ್ರೆಂಚಿನಲ್ಲಿ ಪೊನೆರೆ ಸವೆದು ಪೋಂದ್ರ್ ಆಗಿ, ಮೊಟ್ಟೆ ಇಡು ಎಂಬ ಒಂದೇ ಅರ್ಥಕ್ಕೆ ನಿಂತುಬಿಟ್ಟಿದೆ. ಕನ್ನಡದ ದಾರಿಯೂ ಬೇರೆಯಲ್ಲ. ಕೋಳಿ ಮೊಟ್ಟೆ ಇಡುತ್ತದೆ. ಹಾಸನದ ಹಳ್ಳಿಗಳಲ್ಲಿ ಮೊಟ್ಟೆ ಇಕ್ಕುತ್ತದೆ. ಇಕ್ಕುವುದೂ ಇಡುವುದೇ.

ಇಷ್ಟು ತಿಳಿದ ಮೇಲೆ ಕನ್ನಡದಲ್ಲಿ ಏನೆನ್ನಬೇಕು ಎಂಬ ಪ್ರಶ್ನೆ. ಮೊಟ್ಟೆಕೊಳವೆ, ಮೊಟ್ಟೆಸೂಜಿ ಎಂದರೆ ಆಕಾರ ಸಿಕ್ಕಿತು, ಕೆಲಸ ಸಿಗಲಿಲ್ಲ. ಮುಂದೆ ಬರುವ ಹಾಗೆ ಎಷ್ಟೋ ಕೀಟಗಳಲ್ಲಿ ಅದು ಸೂಜಿಯೇ ಅಲ್ಲ. ಅಂಡನಿಕ್ಷೇಪಕ ಎಂಬುದು ಕರಾರುವಾಕ್ಕಾಗಿದೆ; ನಿ ಎಂದರೆ ಕೆಳಗೆ, ಕ್ಷೇಪ ಎಂದರೆ ಹಾಕುವುದು, ಡೆಪಾಸಿಟ್‌ನ ಒಳಗಣ್ಣೇ ಇದರಲ್ಲೂ ಇದೆ. ಪರೀಕ್ಷೆಯಲ್ಲಿ ಅದನ್ನೇ ಬರೆಯಿರಿ. ಆದರೆ ತೋಟದಲ್ಲಿ ನಿಂತು ಹೇಳುವುದಕ್ಕೆ ನನ್ನ ಮತ ಮೊಟ್ಟೆಯಿಡುಕ. ಕೊರೆಯುವುದು ಕೊರಕವಾಗಿ, ಕೆಡಿಸುವವನು ಕೆಡುಕನಾಗಿ ನಮ್ಮ ಬಾಯಲ್ಲಿ ಈಗಾಗಲೇ ಇದ್ದಾರೆ. ಇಡುವುದು ಇಡುಕವಾದರೆ ಯಾರಿಗೂ ಬಿಡಿಸಿ ಹೇಳಬೇಕಿಲ್ಲ.

ಈ ಇಡು ಎಂಬ ಅರ್ಥವನ್ನು ಹಿಡಿದುಕೊಂಡೇ ಅಂಗವನ್ನು ನೋಡಬೇಕು. ಪೂರ್ಣ ರೂಪದ ಓವಿಪಾಸಿಟರ್ ಹೊಟ್ಟೆಯ 8 ಮತ್ತು 9ನೇ ಖಂಡಗಳಿಂದ ಹುಟ್ಟುತ್ತದೆ. ಮೂರು ಜೊತೆ ಅಲಗುಗಳು, ಅವಕ್ಕೆ ವಾಲ್ವುಲಾ ಎಂದು ಹೆಸರು. ಲ್ಯಾಟಿನ್‌ನಲ್ಲಿ ವಾಲ್ವ ಎಂದರೆ ಬಾಗಿಲಿನ ಕದ, ವಾಲ್ವುಲ ಎಂದರೆ ಕಿರುಕದ. ಹೃದಯದ ವಾಲ್ವ್, ಪಂಪ್‌ಸೆಟ್ಟಿನ ವಾಲ್ವ್ ಎಲ್ಲ ಅದೇ ಮನೆಯವು. ಈ ಕದಗಳನ್ನು ಹೊತ್ತ ಬುಡದ ತಟ್ಟೆಗೆ ವಾಲ್ವಿಫರ್, ಕದ ಹೊರುವುದು. ಒಂದು ಮತ್ತು ಎರಡನೇ ಜೊತೆ ಅಲಗು ಸೇರಿ ನಡುವೆ ಮೊಟ್ಟೆ ಜಾರಲು ದಾರಿಯಾಗುತ್ತದೆ. ಮೂರನೆಯ ಜೊತೆ ಬಹಳ ಕೀಟಗಳಲ್ಲಿ ಒರೆಯಂತೆ ಹೊರಗಿನಿಂದ ಕಾಯುತ್ತದೆ. ಅಲಗುಗಳ ಅಂಚಿನಲ್ಲಿ ಒಂದರದ್ದು ಏಣು, ಇನ್ನೊಂದರದ್ದು ಆ ಏಣು ಕೂರುವ ತೋಡು. ಜಾರುಬಾಗಿಲು ಹಳಿಯ ಮೇಲೆ ಸಾಗುವಂತೆ ಅವು ಒಂದರ ಮೇಲೊಂದು ಹಿಂದೆ ಮುಂದೆ ಸರಿಯುತ್ತ ಒಳಗಿಳಿಯುತ್ತವೆ. ಸುತ್ತಿಗೆಯಲ್ಲಿ ಮೊಳೆ ಹೊಡೆದಂತೆ ಒಂದೇ ಏಟಿಗೆ ನುಗ್ಗುವುದಿಲ್ಲ. ಕೂದಲಿಗಿಂತ ತೆಳ್ಳಗಿದ್ದೂ ಪರಾವಲಂಬಿ ಕಣಜಗಳ ಇಡುಕ ಬಾಗಿ ಮುರಿಯದಿರುವುದಕ್ಕೆ ಈ ಸರದಿ ಚಲನೆ ಮುಖ್ಯ ಕಾರಣ.

ಜೇನಿನ ಮುಳ್ಳು ಇದೇ ಅಂಗದ ಬದಲಾದ ರೂಪ. ಮೊದಲ ಜೊತೆ ಅಲಗು ಮುಳ್ಳುಗಳಿರುವ ಎರಡು ಗರಗಸದಂಥ ಕಡ್ಡಿಗಳಾಗಿವೆ, ಎರಡನೆಯ ಜೊತೆ ಬೆಸೆದು ಅವಕ್ಕೆ ಹಳಿಯಾಗಿದೆ. ಅದರ ಮೂಲಕ ಈಗ ಹರಿಯುವುದು ವಿಷ. ರಾಣಿಯ ಮೊಟ್ಟೆ ಮುಳ್ಳಿನ ಬುಡದಲ್ಲೇ ಹೊರಬರುತ್ತದೆ. ಹೆಜ್ಜೇನಾಗಲಿ ತುಡುವೆಯಾಗಲಿ ಗಂಡಿಗೆ ಮುಳ್ಳಿಲ್ಲದಿರುವುದು ಇದರಿಂದಲೇ, ಮೊಟ್ಟೆಯಿಡುಕ ಹೆಣ್ಣಿನ ಅಂಗ. ಚೇಳಿನ ಕೊಂಡಿಗೂ ಇದಕ್ಕೂ ಸಂಬಂಧವಿಲ್ಲ. ಚೇಳು ಕೀಟವಲ್ಲ, ಅದರಲ್ಲಿ ಗಂಡು ಹೆಣ್ಣು ಎರಡಕ್ಕೂ ಕೊಂಡಿಯಿದೆ.

ಮಿಡತೆಯಲ್ಲಿ ಅಲಗುಗಳು ಗಿಡ್ಡ, ಗಟ್ಟಿ, ಮಣ್ಣು ತೋಡುವುದಕ್ಕೆ. ಹೆಣ್ಣು ತನ್ನ ಹೊಟ್ಟೆಯನ್ನೇ ಎರಡು ಮೂರು ಪಟ್ಟು ಉದ್ದಕ್ಕೆ ಹಿಗ್ಗಿಸಿ ನೆಲದೊಳಗೆ ಇಳಿಸಿ ಮೊಟ್ಟೆ ಇಡುತ್ತದೆ.

ಜೀರುಂಡೆ ಜಾತಿಯ ಗಟ್ಟಿರೆಕ್ಕೆಯ ಹುಳುಗಳಲ್ಲಿ, ಪತಂಗಗಳಲ್ಲಿ, ನೊಣಗಳಲ್ಲಿ ಈ ಅಲಗುಗಳ ಏರ್ಪಾಡು ಇಲ್ಲ. ಅಲ್ಲಿ ಹೊಟ್ಟೆಯ ಕೊನೆಯ ಖಂಡಗಳೇ ತೆಳ್ಳಗಾಗಿ, ಹಳೇ ರೇಡಿಯೋದ ಏರಿಯಲ್ಲಿನಂತೆ ಒಂದರೊಳಗೊಂದು ಅಡಗಿದ್ದು, ಬೇಕಾದಾಗ ಉದ್ದವಾಗಿ ಹೊರಬರುತ್ತವೆ. ಹುಟ್ಟು ಬೇರೆಯಾದರೂ ಕೆಲಸ ಒಂದೇ ಆದ್ದರಿಂದ ಓವಿಪಾಸಿಟರ್ ಎಂದೇ ಕರೆಯುವ ರೂಢಿ. ಅರಾಬಿಕಾ ಕಾಫಿಯ ಬಿಳಿ ಕಾಂಡಕೊರಕ ಈ ಗುಂಪಿನದು. ಅದರ ಹೆಸರು ಕ್ಸೈಲೋಟ್ರೆಕಸ್ ಕ್ವಾಡ್ರಿಪೆಸ್. ಗ್ರೀಕಿನ ಕ್ಸೈಲೊನ್ ಎಂದರೆ ಮರ, ಟ್ರೆಖೆಯಿನ್ ಎಂದರೆ ಓಡು.

ಹೆಸರು ಕೊರಕವಾದರೂ ತಾಯಿ ಹುಳು ಮೊಟ್ಟೆ ಇಡಲು ಕಾಂಡ ಕೊರೆಯುವುದಿಲ್ಲ. ಅದರ ಇಡುಕಕ್ಕೆ ತೊಗಟೆ ಚುಚ್ಚುವ ಶಕ್ತಿಯಿಲ್ಲ. ಮುಖ್ಯ ಕಾಂಡ ಮತ್ತು ದಪ್ಪ ಕೊಂಬೆಗಳ ತೊಗಟೆಯ ಬಿರುಕಿಗೆ, ಸಡಿಲವಾಗಿ ಎದ್ದ ಸಿಪ್ಪೆಯ ಅಡಿಗೆ ಆ ಏರಿಯಲ್ಲನ್ನು ತೂರಿಸಿ ಮೊಟ್ಟೆ ಇಟ್ಟು ಹೋಗುತ್ತದೆ. ಕೊರೆಯುವುದು ಸುಮಾರು 8-10 ದಿನಕ್ಕೆ ಮೊಟ್ಟೆಯೊಡೆದು ಬರುವ ಮರಿ. ಹತೋಟಿಯ ಕೆಲಸವೆಲ್ಲ ನಿಂತಿರುವುದು ಈ ಒಂದು ಸಂಗತಿಯ ಮೇಲೆ: ಬಿರುಕಿಲ್ಲದಿದ್ದರೆ ಇಡಲು ಜಾಗವಿಲ್ಲ. ಹುಳು ಹಾರುವ ಎರಡು ಕಾಲ ಏಪ್ರಿಲ್-ಮೇ, ಅಕ್ಟೋಬರ್‌ನಿಂದ ಡಿಸೆಂಬರ್. ಅದಕ್ಕೆ ಮುಂಚೆ ತೆಂಗಿನ ನಾರಿನ ಗ್ಲೌಸ್ ಅಥವಾ ಸಿಪ್ಪೆಯಿಂದ ಕಾಂಡ ಉಜ್ಜಿ ಸಡಿಲ ತೊಗಟೆ ತೆಗೆಯಬೇಕು. ಕತ್ತಿ, ಕಬ್ಬಿಣದ ಪಟ್ಟಿ ಹಿಡಿದು ಕೆರೆದರೆ ಹಸಿ ತೊಗಟೆ ಗಾಯವಾಗಿ ಹೊಸ ಬಿರುಕು ನಾವೇ ಮಾಡಿಕೊಟ್ಟಂತೆ. ಶೇ. 10ರ ಸುಣ್ಣ, ಅಂದರೆ 200 ಲೀಟರ್ ಡ್ರಮ್ಮಿಗೆ 20 ಕಿಲೋ, ಹೊಡೆಯುವುದೂ ಬಿರುಕು ತುಂಬಿ ಮೈ ಮುಚ್ಚುವುದಕ್ಕೆ. ಸೋಸದೆ ಹಾಕಿದರೆ ಸ್ಪ್ರೇಯರಿನ ನಾಸಲ್ ಕಟ್ಟಿಕೊಳ್ಳುತ್ತದೆ; ಎಲೆಗೆ ಹೊಡೆದು ಕಾಂಡ ಬಿಟ್ಟರೆ ಸುಣ್ಣ ದಂಡ. ನೆರಳು ತೆಳುವಾಗಿ ಬಿಸಿಲು ನೇರ ಬೀಳುವ ಗಿಡಗಳನ್ನೇ ಈ ಹುಳು ಆರಿಸಿಕೊಳ್ಳುವುದರಿಂದ ಮರಗಸಿ, ಅಂದರೆ ನೆರಳು ಮರಗಳ ಕೊಂಬೆ ಸವರುವ ಕೆಲಸ, ಮಾಡುವಾಗ ಅದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಕಾಫಿಯ ಕಾಯಿಕೊರಕದಲ್ಲಿ ಮಾತು ತಲೆಕೆಳಗು. ಅಲ್ಲಿ ತಾಯಿಯೇ ಬಾಯಿಯಿಂದ, ಕಾಯಿಯ ಹೊಕ್ಕುಳ ಬಳಿ ತೂತು ಕೊರೆದು ಒಳಹೊಕ್ಕು ಬೀಜದೊಳಗೆ ಮೊಟ್ಟೆ ಇಡುತ್ತದೆ. ಆ ತೂತು ದವಡೆಯ ಕೆಲಸ. ಅದನ್ನು ಓವಿಪಾಸಿಟರ್‌ನ ಗುರುತೆಂದು ಬರೆದರೆ ತಪ್ಪು. ಹಾಸನದ ಆಲೂಗಡ್ಡೆ ಹೊಲದ ಗಡ್ಡೆ ಪತಂಗಕ್ಕೂ ಚುಚ್ಚುವ ಸಾಧನವಿಲ್ಲ. ಮಣ್ಣು ಬಿರಿದು ಹೊರಗೆ ಕಾಣುವ ಗಡ್ಡೆಯ ಕಣ್ಣುಗಳ ಬಳಿ ಮೊಟ್ಟೆ ಅಂಟಿಸುತ್ತದೆ; ಮಣ್ಣು ಏರಿಸಿ ಗಡ್ಡೆ ಮುಚ್ಚಿದರೆ ಅದಕ್ಕೆ ಜಾಗ ತಪ್ಪಿತು.

ಹಣ್ಣುನೊಣ ಮಾತ್ರ ಅದೇ ಏರಿಯಲ್ಲಿನ ತುದಿಯನ್ನು ಸೂಜಿ ಮಾಡಿಕೊಂಡಿದೆ. ಬಲಿತ ಸೀಬೆ, ಮಾವಿನ ಸಿಪ್ಪೆ ಚುಚ್ಚಿ ಕೆಲವೇ ಮಿಲಿಮೀಟರ್ ಕೆಳಗೆ ಮೊಟ್ಟೆ ಇಡುತ್ತದೆ, ಚುಚ್ಚಿದ ಕಡೆ ಚುಕ್ಕೆ ಉಳಿದು ಮುಂದೆ ಕೊಳೆಯುತ್ತದೆ. 10 ಪಟ್ಟು ದೊಡ್ಡದು ಮಾಡುವ ಕೈಲೆನ್ಸ್ ಹಿಡಿದು ನೊಣದ ಬಾಲ ನೋಡಿ: ಚೂಪಾಗಿದ್ದರೆ ಹೆಣ್ಣು, ಮೊಂಡಾಗಿದ್ದರೆ ಗಂಡು. ಮೀಥೈಲ್ ಯೂಜಿನಾಲ್ ಹಾಕಿದ ಬಲೆಯೊಳಗೆ ಬಿದ್ದವನ್ನು ಹೀಗೆ ಪರೀಕ್ಷಿಸಿದರೆ ಸಿಗುವುದು ಮೊಂಡು ಬಾಲದವೇ, ಏಕೆಂದರೆ ಆ ವಾಸನೆಗೆ ಬರುವುದು ಗಂಡು. ಚುಚ್ಚುವ ಹೆಣ್ಣು ಹೊರಗೇ ಇರುತ್ತದೆ. ಬಲೆ ತುಂಬಿದೆ ಎಂದು ನೆಲಕ್ಕೆ ಬಿದ್ದ ಹಣ್ಣನ್ನು ಹಾಗೇ ಬಿಟ್ಟರೆ ಒಳಗಿನ ಹುಳು ಮಣ್ಣಿಗಿಳಿದು ಕೋಶವಾಗಿ ಮುಂದಿನ ತಲೆಮಾರು ಎದ್ದು ಬರುತ್ತದೆ. ಬಿದ್ದ ಹಣ್ಣನ್ನು ದಿನವೂ ಆರಿಸಿ ಎರಡು ಅಡಿ ಆಳದ ಗುಂಡಿಯಲ್ಲಿ ಮುಚ್ಚುವ ಕೆಲಸವನ್ನು ಬಲೆ ಕಟ್ಟಿದ ಮೇಲೂ ನಿಲ್ಲಿಸಬಾರದು.